ಹದಿನಾಲ್ಕನೇ ಪ್ರಶ್ನೆ

ಹದಿಮೂರು ಪ್ರಶ್ನೆಗಳಿಗೆ ಹೌದು, ಇಲ್ಲ, ಗೊತ್ತಿಲ್ಲ.
ಗೀಟು ಎಳೆದರೆ ಮುಗಿಯಿತು.
ಹದಿನಾಲ್ಕನೆಯದರ ಕೆಳಗೆ ನಾಲ್ಕು ಖಾಲಿ ಗೆರೆ:
ಹೊಸ ಮೀನು ಮಾರುಕಟ್ಟೆಯ ಬಗ್ಗೆ
ನಿಮ್ಮದೇ ಮಾತಿನಲ್ಲಿ ಹೇಳಿ.

ಆ ನಾಲ್ಕು ಗೆರೆ ಓದಲು ನನ್ನನ್ನು ಇಟ್ಟಿದ್ದಾರೆ.
ಬಂದರಿನಲ್ಲಿ ಒಣಮೆಣಸಿನ ಗೋದಾಮಿನ ಮೇಲಿನ ಕೋಣೆ,
ಹಾಳೆಗೆ ಆರು ರೂಪಾಯಿ, ಸೀನು ಧರ್ಮಕ್ಕೆ.
ಇನ್ನೂರ ಹನ್ನೆರಡು ಹಾಳೆ, ಮೂರು ಹೈಲೈಟರ್:
ಹಸಿರು ಸಂತೋಷಕ್ಕೆ, ಕೆಂಪು ದೂರಿಗೆ,
ಹಳದಿ ಎರಡೂ ಅಲ್ಲದ್ದಕ್ಕೆ.
ಹಳದಿಯೇ ಮೊದಲು ಮುಗಿಯಿತು.

ಮೊದಲ ದಿನ ಸಲೀಸು.
"ಕಟ್ಟೆ ಎತ್ತರ, ಕಾಲು ನೇತಾಡುತ್ತದೆ." ಆಸನ, ಕೆಂಪು.
"ಟೈಲ್ಸಿನಲ್ಲಿ ಜಾರಿ ಬಿದ್ದೆ." ನೆಲ, ಕೆಂಪು.
"ಮಳೆಗೆ ತಲೆ ಒದ್ದೆಯಾಗುವುದಿಲ್ಲ." ಸೂರು, ಹಸಿರು.
"ಫ್ಯಾನಿನ ಗಾಳಿಗೆ ಬಂಗುಡೆ ಒಣಗುತ್ತದೆ, ನಮಗೆ ತಂಪು."
ಅರ್ಧ ಕೆಂಪು, ಅರ್ಧ ಹಸಿರು,
ಅಲ್ಪವಿರಾಮದ ಮೇಲೆ ಎರಡೂ ಕಲಸಿ
ಕೊಚ್ಚೆಯ ಬಣ್ಣ.

"ಲಾಯ್ಕುಂಟು ಮಾರಾಯ್ತಿ, ಬಾಗಿಲಿಲ್ಲದ ಕಕ್ಕಸು!"
ಕಂಪ್ಯೂಟರಿಗೆ ಉಣಿಸಿದರೆ
ಲಾಯ್ಕು ಎಂಬಷ್ಟನ್ನೇ ನುಂಗಿ ಹಸಿರು ಕಾರುತ್ತದೆ.
ಪಾಪ, ಅದು ಧಕ್ಕೆಗೆ ಹೋದದ್ದಿಲ್ಲ,
ಕ್ರಯಕ್ಕೆ ಚೌಕಾಸಿ ಮಾಡಿ ಬೈಸಿಕೊಂಡದ್ದಿಲ್ಲ.

ಇನ್ನು, "ದೇವೆರ್ ಉಲ್ಲೆರ್." ದೇವರಿದ್ದಾರೆ.
ನಲವತ್ತೊಂದು ಮಂದಿ ಬರೆಸಿದ್ದು ಇಷ್ಟೇ.
ಇದೇ ಹಾಳೆಗಳನ್ನು ಎದುರು ಮೇಜಿನಲ್ಲಿ
ನನಗೆ ತೋರಿಸದೆ ಓದುವವಳು ಝುಲೈಖಾ, ಕುದ್ರೋಳಿಯವಳು.
ಹಸಿರು ಅನ್ನುತ್ತಾಳೆ, ನಂಬಿಕೆ.
ನಾನು ಕೆಂಪು ಅನ್ನುತ್ತೇನೆ:
ಮನುಷ್ಯರು ಯಾರೂ ಇಲ್ಲ ಅಂತಲ್ಲವಾ ಅರ್ಥ?
ಗೋಳಿಬಜೆ ಆರುವವರೆಗೂ ಜಗಳ.
ಅವಳ ಮನೆಯಲ್ಲಿ ಹಾಗೆನ್ನುವುದು ಉಂಡು ಕೈ ತೊಳೆದ ಮೇಲೆ,
ನಮ್ಮಲ್ಲಿ ಉಣ್ಣಲಿಕ್ಕೆ ಇಲ್ಲದಾಗ.
ನಮ್ಮಿಬ್ಬರ ಒಮ್ಮತ ನೂರಕ್ಕೆ ಅರುವತ್ತೆಂಟು.
ಎಂಬತ್ತಾದರೂ ಬೇಕು ಎಂದಿದ್ದಾರೆ ಡೇಸಾ ಸರ್.

ಮತ್ತೆ, ಇದೆಲ್ಲ ಅವರ ಮಾತು ಹೌದೋ ಅಂತ.
ಹೇಳಿದ್ದು ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ.
ಬರೆದುಕೊಂಡದ್ದು ಬಿಕಾಂ ಓದುವ ಪ್ರೀತೇಶ, ಕನ್ನಡದಲ್ಲಿ:
"ತೀವ್ರ ಅಸಮಾಧಾನ ವ್ಯಕ್ತಪಡಿಸಿದರು."
ಯಾವ ಹೆಂಗಸೂ ಹೀಗೆ ಬಾಯಿ ಬಿಟ್ಟಿರಲಿಕ್ಕಿಲ್ಲ.
ನಿಜ ಹೇಳು, ಅವಳು ಎಂತ ಅಂದಳು?
ಹುಡುಗನ ಕಿವಿ ಕೆಂಪಾಯಿತು.
"ಹಾಳೆಯಲ್ಲಿ ಬರೆಯುವಂಥದ್ದಲ್ಲ ಅಕ್ಕಾ."
ಆ ಕೆಂಪಿನ ಪೆನ್ನು ನನ್ನಲ್ಲಿಲ್ಲ.

ನೂರ ಎಂಬತ್ತೇಳು:
"ಕೇಳಿದ್ದು ಒಳ್ಳೆಯದಾಯಿತು. ಕಟ್ಟುವ ಮೊದಲು ಕೇಳಬಹುದಿತ್ತು."
ಪಟ್ಟಿಯಲ್ಲಿ ಆಸನ, ನೆಲ, ಸೂರು, ನೀರು, ಬಾಡಿಗೆ, ಕಕ್ಕಸು.
ಇದಕ್ಕೆ ಕೋಣೆ ಇಲ್ಲ.
'ಹೊತ್ತು' ಎಂದು ಹೊಸದೊಂದು ಬರೆದೆ.
ಝುಲೈಖಾ ಅದನ್ನು ಹೊಡೆದು 'ಮರ್ಯಾದೆ' ಎಂದು ಬರೆದಳು.
ಅವತ್ತು ಜಗಳ ಬರಲಿಲ್ಲ.
ಒಂದೇ ಸಲ ಬಂದದ್ದು ವಿಷಯ ಆಗುವುದಿಲ್ಲ,
'ಇತರೆ'ಗೆ ತಳ್ಳಿ ಎಂದರು ಸರ್.
ಅಲ್ಲಿ ಆಗಲೇ ನೂಕುನುಗ್ಗಲು.

ನೂರ ಹನ್ನೆರಡು ಖಾಲಿ.
ಎರಡನೇ ಗೆರೆಗೆ ಅಂಟಿದ ಒಂದು ಹುರುಪೆ,
ಕಿರುಬೆರಳ ಉಗುರಿನಷ್ಟು.
ಕಿಟಕಿಗೆ ಹಿಡಿದರೆ ಒಳಗೆ
ಸೀಮೆಎಣ್ಣೆ ಚೆಲ್ಲಿದ ನೀರಿನ ಬಣ್ಣಗಳು.
ಉತ್ತರವಿಲ್ಲದಿದ್ದರೆ ತೊಂಬತ್ತೊಂಬತ್ತು ಹಾಕಬೇಕು.
ಹಾಕಿದೆ. ಅಳಿಸಿದೆ.
ಗಿರಾಕಿ ಕಾಯುತ್ತಿದ್ದಾನೆ, ಪ್ರೀತೇಶ ಪೆನ್ನು ಹಿಡಿದು ನಿಂತಿದ್ದಾನೆ.
ಅಂಜಲ್ ಕೊಯ್ಯುವುದನ್ನು ನಿಲ್ಲಿಸಿ ಅವಳು
ಒದ್ದೆ ಕೈಯಲ್ಲೇ ಹಾಳೆ ಎಳೆದುಕೊಂಡಿರಬೇಕು,
ಎಷ್ಟು ಜಾಗ ಕೊಟ್ಟಿದ್ದಾರೆ ನೋಡುವ ಅಂತ.

ವರದಿ ಹೋಯಿತು. ದುಂಡಗಿನ ಚಿತ್ರ,
ಅರ್ಧಕ್ಕಿಂತ ಹೆಚ್ಚು ಹಳದಿ: ತಟಸ್ಥ.
ಸ್ಕ್ಯಾನ್ ಮಾಡುವವನು ಕೊಳೆ ಎಂದುಕೊಂಡು
ನೂರ ಹನ್ನೆರಡನ್ನು ಉಗುರಿನಿಂದ ಕೆರೆದನಂತೆ.
ಬರಲಿಲ್ಲವಂತೆ.